ಕ್ರೂಸ್‌ಗೆ ದುಡ್ಡು ಕಟ್ಟುವ ಮೊದಲು ಇಷ್ಟು ಕೇಳಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಂದ ಕ್ರೂಸ್ ಪ್ರವಾಸದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಬೇಸಿಗೆ ರಜೆಯಲ್ಲಿ ಸಿಂಗಪುರಕ್ಕೆ ಹೋಗಿ ಹಡಗು ಹತ್ತೋಣ ಅಂತ ಯೋಚಿಸುತ್ತಿರುವವರಿಗೆ ಬೇಕಾದ ದುಡ್ಡಿನ ಮಾತು, ವೀಸಾದ ಮಾತು ಅದರಲ್ಲಿ ಒಂದೂ ಇರಲಿಲ್ಲ. ನಾವು ಅತ್ತೆ-ಮಾವ, ಮಕ್ಕಳ ಜೊತೆ ಅದೇ ದಾರಿಯಲ್ಲಿ ಹೋಗಿ ಬಂದವರು. ಹಾಗಾಗಿ ಈ ಪತ್ರ.

ಮೊದಲು ದರ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತಲ್ಲ, ಅದು ಒಬ್ಬರಿಗೆ. ಅದೂ ಇಬ್ಬರು ಒಂದೇ ಕ್ಯಾಬಿನ್‌ನಲ್ಲಿದ್ದರೆ, ಅದೂ ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್‌ಗೆ. ಬಂದರು ಶುಲ್ಕ, ತೆರಿಗೆ, ವಿಮಾನ ಎಲ್ಲ ಬೇರೆ. ಸಾಲದ್ದಕ್ಕೆ ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ಟಿಪ್ಸ್ ಬಿಲ್‌ಗೇ ಸೇರಿಸುತ್ತಾರೆ, ಎಷ್ಟೋ ಹಡಗುಗಳಲ್ಲಿ ಮಕ್ಕಳಿಗೂ ಬಿಡಲ್ಲ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ದುಡ್ಡು ಕಟ್ಟಬೇಕು. ಅದೇ ಕ್ಯಾಬಿನ್‌ಗೆ ಮೂರನೆಯವರು, ನಾಲ್ಕನೆಯವರು ಸೇರಿದರೆ ಅವರಿಗೆ ಅಗ್ಗ, ಮಕ್ಕಳಿದ್ದವರು ಇದನ್ನು ಮರೆಯದೆ ಕೇಳಬೇಕು. ಎಲ್ಲ ಸೇರಿ ಎಷ್ಟು ಅಂತ ಏಜೆಂಟ್ ಕೈಯಲ್ಲಿ ಒಂದು ಹಾಳೆ ಮೇಲೆ ಬರೆಸಿಕೊಳ್ಳಿ. ಬರೆದು ಕೊಡಲು ಹಿಂದೆಮುಂದೆ ನೋಡಿದರೆ ಬೇರೆ ಏಜೆಂಟ್ ಹುಡುಕಿ, ಅಷ್ಟೇ.

ಹಡಗಿನ ಒಳಗೆ ಹೋದ ಮೇಲೆ ನಗದು ನಡೆಯೋದು ಕಡಿಮೆ. ರೂಮಿನ ಕಾರ್ಡ್ ತೋರಿಸಿದರೆ ಖರ್ಚೆಲ್ಲ ನಿಮ್ಮ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕಾಗಿ ಮೊದಲೇ ನಿಮ್ಮ ಬ್ಯಾಂಕ್ ಕಾರ್ಡ್‌ನಲ್ಲಿ ಒಂದಿಷ್ಟು ಹಣ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಅಥವಾ ವಿದೇಶಿ ಹಣ ಮೊದಲೇ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡ್ ಕೊಟ್ಟರೆ ಆ ಹಣ ಬಿಡುಗಡೆ ಆಗೋಕೆ ದಿನಗಟ್ಟಲೆ ಹಿಡಿಯಬಹುದು. ಇಲ್ಲಿ ಕ್ರೆಡಿಟ್ ಕಾರ್ಡೇ ವಾಸಿ.

ಇನ್ನು ದಿನಾಂಕ. ಹಡಗು ಯಾರಿಗೂ ಕಾಯಲ್ಲ. ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆ ತಾನೇ, ಬೆಳಿಗ್ಗೆ ಇಳಿದು ಸಂಜೆ ಹಡಗು ಹತ್ತೋಣ ಅನ್ನೋ ಲೆಕ್ಕ ಬೇಡ. ವಿಮಾನ ತಡವಾದರೆ ಹೋದ ದುಡ್ಡು ಹೋದಂತೆ. ಒಂದು ರಾತ್ರಿ ಮೊದಲೇ ಹೋಗಿ ಲಿಟಲ್ ಇಂಡಿಯಾ ಕಡೆ ರೂಮ್ ಮಾಡಿ, ಇಡ್ಲಿ-ಕಾಫಿಗೂ ತೊಂದರೆ ಇಲ್ಲ. ಸಿಂಗಪುರದ ವೀಸಾ ಮಲ್ಟಿಪಲ್ ಎಂಟ್ರಿಯದ್ದೇ ಅಂತ ಖಾತ್ರಿ ಮಾಡಿಕೊಳ್ಳಿ, ಯಾಕೆಂದರೆ ಮಲೇಷ್ಯಾ, ಥಾಯ್ಲೆಂಡ್ ಮುಟ್ಟಿ ವಾಪಸ್ ಬರುವಾಗ ನೀವು ಸಿಂಗಪುರಕ್ಕೆ ಎರಡನೇ ಸಲ ಕಾಲಿಡುತ್ತೀರಿ. ಪಾಸ್‌ಪೋರ್ಟ್‌ನಲ್ಲಿ 6 ತಿಂಗಳ ಅವಧಿ ಉಳಿದಿರಬೇಕು. ಸಿಂಗಪುರಕ್ಕೂ ಮಲೇಷ್ಯಾಕ್ಕೂ ಹೋಗುವ ಮುಂಚೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ (ದೇಶದೊಳಗೆ ಬರುವವರ ವಿವರದ ಫಾರಂ) ತುಂಬಬೇಕು, ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕಿದರೆ ಅದು ಸರ್ಕಾರದ್ದಲ್ಲ.

ನನ್ನ ಮುಖ್ಯ ಮಾತು ಬಂದರುಗಳ ಬಗ್ಗೆ. ಪಟ್ಟಿಯಲ್ಲಿ ಊರಿನ ಹೆಸರು ನೋಡಿ ಖುಷಿಪಡಬೇಡಿ, ಹಡಗು ನಿಲ್ಲೋದು ಎಲ್ಲಿ ಅಂತ ಕೇಳಿ. ಮಲೇಷ್ಯಾದ ಪೆನಾಂಗ್ ಆದರೆ ಸುಲಭ. ಸ್ವೆಟೆನ್‌ಹ್ಯಾಮ್ ಪಿಯರ್‌ನಲ್ಲಿ ಇಳಿದರೆ ಅಲ್ಲಿನ ಹಳೇ ಪೇಟೆ ಜಾರ್ಜ್ ಟೌನ್ ಕಾಲ್ನಡಿಗೆ ದೂರ, ಮಾರಿಯಮ್ಮನ ಗುಡಿ ನೋಡಿ, ಬಾಳೆಲೆ ಊಟ ಮಾಡಿ ಆರಾಮಾಗಿ ವಾಪಸ್ ಬರಬಹುದು. ಕ್ವಾಲಾಲಂಪುರ ಅಂತ ಬರೆದಿದ್ದರೆ ಅದು ಪೋರ್ಟ್ ಕ್ಲಾಂಗ್, ಅಲ್ಲಿಂದ ಊರೊಳಗೆ ಹೋಗೋಕೇ ಒಂದು ಗಂಟೆ, ಟ್ರಾಫಿಕ್ ಇದ್ದರೆ ಇನ್ನೂ ಜಾಸ್ತಿ. ಫುಕೆಟ್‌ನಲ್ಲಿ ನಮ್ಮ ಹಡಗು ದಡಕ್ಕೇ ಬರಲಿಲ್ಲ. ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಕರೆದೊಯ್ದರು. ದೋಣಿ ಅಲೆಗೆ ಏಳುತ್ತೆ, ಇಳಿಯುತ್ತೆ. ಹಡಗಿನ ಮೆಟ್ಟಿಲು ಮಾತ್ರ ಇದ್ದಲ್ಲೇ ಇರುತ್ತೆ. ಎರಡೂ ಒಂದೇ ಮಟ್ಟಕ್ಕೆ ಬಂದ ಗಳಿಗೆಯಲ್ಲಿ ಸಿಬ್ಬಂದಿ ಎರಡೂ ತೋಳು ಹಿಡಿದು ದಾಟಿಸುತ್ತಾರೆ. ನಮ್ಮತ್ತೆ ಒಂದು ಕೈಯಲ್ಲಿ ಸೀರೆ ನೆರಿಗೆ ಹಿಡಿದು ನಿಂತಿದ್ದಾರೆ, ಆ ಹುಡುಗ ಎರಡೂ ಕೈ ಕೊಡಿ ಅಂತ ಸನ್ನೆ ಮಾಡುತ್ತಿದ್ದಾನೆ, ಹಿಂದೆ ಸಾಲು ಬೆಳೆಯುತ್ತಿದೆ. ಕೊನೆಗೆ "ನಾನು ಇಲ್ಲೇ ಇರ್ತೀನಿ, ನೀವು ಹೋಗ್ಬನ್ನಿ" ಅಂದುಬಿಟ್ಟರು. ಮಂಡಿನೋವಿನ ಹಿರಿಯರಿದ್ದರೆ ದೋಣಿಯಲ್ಲಿ ಇಳಿಸುವ ಬಂದರು ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ.

ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗುಗಳದ್ದೂ ಇದೇ ಕಥೆ. ಅಲೆ ಜೋರಿದ್ದರೆ ದ್ವೀಪಕ್ಕೆ ಇಳಿಸೋದೇ ಇಲ್ಲ, ಆಗ ಸಾಮಾನ್ಯವಾಗಿ ಬಂದರು ಶುಲ್ಕ ಬಿಟ್ಟರೆ ಬೇರೇನೂ ವಾಪಸ್ ಬರಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡೆ ತಲೆ ಹಾಕದಿದ್ದರೆ ಒಳ್ಳೇದು. ಸಿಂಗಪುರದಿಂದ ಪೆನಾಂಗ್, ಫುಕೆಟ್ ಕಡೆ ಹಡಗು ಸಾಗುವ ಮಲಕ್ಕಾ ಜಲಸಂಧಿಗೆ ಒಂದು ಕಡೆ ಸುಮಾತ್ರಾ ದ್ವೀಪ ಅಡ್ಡ ಇರುವುದರಿಂದ ಅಲೆ ಕಡಿಮೆ. ಆದರೂ ತಲೆಸುತ್ತು ಬರುವವರು ಕೆಳಗಿನ ಡೆಕ್‌ನಲ್ಲಿ, ಹಡಗಿನ ನಡುಮಧ್ಯದ ಕ್ಯಾಬಿನ್ ತೆಗೆದುಕೊಳ್ಳಿ. ಮಾತ್ರೆ ಕೈಚೀಲದಲ್ಲೇ ಇರಲಿ, ಯಾಕೆಂದರೆ ದೊಡ್ಡ ಸೂಟ್‌ಕೇಸ್ ಕ್ಯಾಬಿನ್‌ಗೆ ಬರೋದು ಸಂಜೆಯ ಮೇಲೆ.

ಎಲೆಕ್ಟ್ರಿಕ್ ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ ಬೆಂಕಿಯ ಭಯಕ್ಕೆ ಒಳಗೆ ಬಿಡಲ್ಲ. ಮನೆಯ ಪುಳಿಯೋಗರೆಯೂ ಅಷ್ಟೇ. ಸೀಲ್ ಇರುವ ಚಟ್ನಿಪುಡಿ ಪ್ಯಾಕೆಟ್‌ಗೆ ಸಾಮಾನ್ಯವಾಗಿ ತಕರಾರಿಲ್ಲ. ಸಸ್ಯಾಹಾರ, ಜೈನ ಊಟ ಬೇಕಿದ್ದರೆ ಮೊದಲೇ ಬರೆಸಿ. ಫೋನ್ ಏರ್‌ಪ್ಲೇನ್ ಮೋಡ್‌ನಲ್ಲೇ ಇರಲಿ, ಸಮುದ್ರದ ಮಧ್ಯೆ ಅದು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದರೆ ಬಿಲ್ ನೋಡಿ ತಲೆಸುತ್ತು ಬರುತ್ತೆ, ಅದಕ್ಕೆ ಮಾತ್ರೆ ಇಲ್ಲ. ಹಡಗಿನ ಡಾಕ್ಟರ್ ಕೂಡ ದುಬಾರಿ, ಊರಿನ ಮೆಡಿಕ್ಲೇಮ್ ಅಲ್ಲಿ ಸಾಮಾನ್ಯವಾಗಿ ಕೆಲಸಕ್ಕೆ ಬರಲ್ಲ. ಕ್ರೂಸ್ ಕೂಡ ಸೇರಿರುವ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ಚಳಿಗಾಲ ಬಂತೆಂದರೆ ನವಮಂಗಳೂರು ಬಂದರಿಗೆ ವಿದೇಶಿ ಹಡಗುಗಳು ಬರುತ್ತವೆ, ಅವುಗಳಲ್ಲಿ ಬಂದವರು ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿಕೊಂಡು ಹೋಗುತ್ತಾರೆ. ಕ್ರೂಸ್ ಹತ್ತಲು ನಾವು ಮಾತ್ರ ಮುಂಬೈಗೋ ಸಿಂಗಪುರಕ್ಕೋ ಓಡಬೇಕು. ಮಂಗಳೂರಿನಿಂದಲೇ ನಮ್ಮವರು ಹತ್ತುವಂಥ ಹಡಗಿಗೆ ಏನು ಅಡ್ಡಿ ಅಂತ ನಿಮ್ಮ ವರದಿಗಾರರು ಒಮ್ಮೆ ವಿಚಾರಿಸಿ ಬರೆಯಲಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು, ಮೈಸೂರು