ಹುಡುಕಿದರೂ ಸಿಗದ ಕನ್ನಡ ಪ್ರಬಂಧಗಳು

ಮಾನ್ಯ ಸಂಪಾದಕರೇ,

ಪಿಎಚ್‌.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ವಿಶ್ವವಿದ್ಯಾಲಯಗಳ ಗ್ರಂಥಾಲಯ ಜಾಲವಾದ ಇನ್‌ಫ್ಲಿಬ್‌ನೆಟ್‌ಗೆ ಸಲ್ಲಿಸಬೇಕೆಂಬ ಯುಜಿಸಿ ನಿಯಮದಿಂದಾಗಿ ಸಂಶೋಧನೆಗಳು ‘ಶೋಧಗಂಗಾ’ ಜಾಲತಾಣದಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುವಂತಾಗಿದ್ದರೂ, ಕನ್ನಡ ಪ್ರಬಂಧಗಳ ಮಟ್ಟಿಗೆ ಅದರ ಫಲ ಓದುಗರಿಗೆ ಪೂರ್ತಿ ದಕ್ಕಿಲ್ಲ. ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರಸಂಕೇತವಾದ ಯುನಿಕೋಡ್‌ನಲ್ಲಿಲ್ಲದೆ, ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟ್‌ಗಳಲ್ಲಿ ಬೆರಳಚ್ಚಾದ ಕಡತಗಳು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅವು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆದಿಲ್‌ಶಾಹಿ ಸುಲ್ತಾನರ ಕಾಲದ ವಿಜಯಪುರದ ನೀರಿನ ವ್ಯವಸ್ಥೆ ಕುರಿತು ಓದಬಯಸುವ ವಿದ್ಯಾರ್ಥಿ ಅಂಥ ಕಡತದಲ್ಲಿ ‘ಸುರಂಗ ಬಾವಡಿ’ ಎಂದು ಹುಡುಕಿದರೆ, ಆ ಪದ ಪುಟಪುಟದಲ್ಲಿದ್ದರೂ ಸಿಗುವುದಿಲ್ಲ.

ತಾಡೋಲೆಗಳಲ್ಲಿದ್ದ ವಚನಗಳನ್ನು ಜನರಿಗೆ ತಲುಪಿಸಲೆಂದು ಫ.ಗು. ಹಳಕಟ್ಟಿಯವರು 1925ರಲ್ಲಿ ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ತೆರೆದದ್ದು ಇದೇ ವಿಜಯಪುರದಲ್ಲಿ. ಈಗ ಬೇಕಿರುವುದು ಅಷ್ಟು ದೊಡ್ಡ ತ್ಯಾಗವೇನಲ್ಲ.

ನಮ್ಮ ಭಾಗದ ವಿಶ್ವವಿದ್ಯಾಲಯಗಳು ಯುನಿಕೋಡ್ ಪ್ರತಿಯನ್ನು ಕಡ್ಡಾಯಗೊಳಿಸಿ, ಹಳೆಯ ಕಡತಗಳನ್ನು ಉಚಿತ ತಂತ್ರಾಂಶದಿಂದ ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನ ತಪ್ಪುವುದುಂಟು. ಅವನ್ನು ತಿದ್ದುವ ಕೆಲಸವನ್ನು ಎಂ.ಎ. ವಿದ್ಯಾರ್ಥಿಗಳಿಗೆ ವಹಿಸಬಹುದು, ಆದರೆ ‘ಸೇವೆ’ಯ ಹೆಸರಿನಲ್ಲಿ ಬಿಟ್ಟಿಯಾಗಿ ಅಲ್ಲ, ಗೌರವಧನ ಕೊಟ್ಟು. ಮುಂದಿನ ಘಟಿಕೋತ್ಸವದೊಳಗೆ ಕನ್ನಡ ಮತ್ತು ಇತಿಹಾಸ ವಿಭಾಗಗಳಿಂದಲಾದರೂ ಇದು ಆರಂಭವಾಗಲಿ.

–ಒಬ್ಬ ಓದುಗ, ವಿಜಯಪುರ