ಗಾಳಿ ತೊಳೆಯುವ ಬಲ್ಬಿನಿಂದ ಲೆಕ್ಕ ಕೇಳಿ: ಗ್ರಾಹಕ ವ್ಯವಹಾರಗಳ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ.

ತಮ್ಮ ಇಲಾಖೆಗೆ ದಿನವೂ ಬಂದು ಬೀಳುವ ದೂರುಗಳ ರಾಶಿಯಲ್ಲಿ ಈ ವಿಷಯ ಇರಲಿಕ್ಕಿಲ್ಲ. ಮೋಸ ಹೋದದ್ದೇ ಗೊತ್ತಾಗದಿದ್ದರೆ ದೂರು ಕೊಡುವವರು ಯಾರು? ಬಣ್ಣ ಬದಲಿಸುವ ಸ್ಮಾರ್ಟ್ ಬಲ್ಬುಗಳ ಪೆಟ್ಟಿಗೆಯ ಮೇಲೆ ಈಗ ಹೊಸದೊಂದು ಸಾಲು ಸೇರಿಕೊಂಡಿದೆ: ಇದು ಕೋಣೆಯ ಗಾಳಿಯನ್ನೂ ಶುದ್ಧ ಮಾಡುತ್ತದೆ. ಬಲ್ಬು ಬೆಳಗುವುದು ನಿಜ. ಮೊಬೈಲಿನಲ್ಲಿ ಒತ್ತಿದ ಬಣ್ಣಕ್ಕೆ ತಿರುಗುವುದೂ ನಿಜ. ಕಣ್ಣಿಗೆ ಕಾಣುವ ಎರಡು ಮಾತು ನಿಜವಾದ ಮೇಲೆ ಕಾಣದ ಮೂರನೆಯದನ್ನು ನಂಬುವುದು ಯಾರಿಗಾದರೂ ಸಹಜವೇ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಗಾಳಿ ಶುದ್ಧ ಮಾಡುತ್ತೇನೆ ಎನ್ನುವ ಬಲ್ಬು, ಎಷ್ಟು ಗಾಳಿಯನ್ನು ಎಷ್ಟು ಹೊತ್ತಿನಲ್ಲಿ ಎಂದು ಪೆಟ್ಟಿಗೆಯ ಮೇಲೆ ಅಂಕಿಯಲ್ಲಿ ಬರೆಯಲಿ. ಬರೆಯಲು ಆಗದಿದ್ದರೆ ಆ ಸಾಲನ್ನೇ ಅಳಿಸಲಿ. ಬಲ್ಬನ್ನು ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಬಲ್ಬಾಗಿ ಅದು ಒಳ್ಳೆಯ ವಸ್ತುವೇ ಇರಬಹುದು.

ಇಂಥ ಬಹುಪಾಲು ಬಲ್ಬುಗಳ ಒಳಗೆ ಎಲ್‌ಇಡಿ ತಟ್ಟೆಯ ಪಕ್ಕದಲ್ಲಿ ಒಂದು ಪುಟ್ಟ ಹೈವೋಲ್ಟೇಜ್ ಸರ್ಕ್ಯೂಟ್ ಇರುತ್ತದೆ. ಅದರಿಂದ ಹೊರಟ ತಂತಿಯ ತುದಿಯಲ್ಲಿ ಕಾರ್ಬನ್ ನಾರಿನ ಕುಚ್ಚು ಅಥವಾ ಒಂದು ಮೊನೆ. ಆ ತುದಿಗೆ ಸಾವಿರಾರು ವೋಲ್ಟ್ ಋಣ ವಿದ್ಯುತ್ ಕೊಟ್ಟಾಗ ಅಲ್ಲಿಂದ ಎಲೆಕ್ಟ್ರಾನುಗಳು ಸಿಡಿದು ಗಾಳಿಯ ಆಮ್ಲಜನಕದಂಥ ಅಣುಗಳಿಗೆ ಅಂಟುತ್ತವೆ. ಋಣ ಅಯಾನು ಎಂದು ಜಾಹೀರಾತು ಕೊಂಡಾಡುವುದು ಇವನ್ನೇ. ಜಲಪಾತದ ಹತ್ತಿರ ಇಂಥ ಅಯಾನುಗಳು ಹೆಚ್ಚಿರುತ್ತವೆ ಎಂಬುದು ಸರಿ, ಆದ್ದರಿಂದ ಪೆಟ್ಟಿಗೆಯ ಮೇಲೆ ಜಲಪಾತದ ಚಿತ್ರವೂ ಇರುತ್ತದೆ. ಚಿತ್ರಕ್ಕೆ ನನ್ನ ಆಕ್ಷೇಪವಿಲ್ಲ. ಅದರ ಕೆಳಗೆ ಬರೆದ ಲಕ್ಷ, ಕೋಟಿಗಳ ಅಯಾನು ಸಂಖ್ಯೆಗೆ ಇದೆ. ಕುಚ್ಚಿನ ತುದಿಗೆ ಮೀಟರನ್ನು ಹಿಡಿದು ಅಳೆದರೆ ಎಷ್ಟು ದೊಡ್ಡ ಸಂಖ್ಯೆ ಬೇಕಾದರೂ ಬರುತ್ತದೆ. ನಾವು ಉಸಿರಾಡುವುದು ಕೋಣೆಯ ಇನ್ನೊಂದು ಮೂಲೆಯಲ್ಲಿ. ಅಯಾನುಗಳ ಆಯಸ್ಸು ಸೆಕೆಂಡುಗಳಿಂದ ಕೆಲವು ನಿಮಿಷ ಮಾತ್ರ, ದೂರ ಹೋದಂತೆ ಸಂಖ್ಯೆ ಸರ್ರನೆ ಇಳಿಯುತ್ತದೆ. ಎಷ್ಟು ದೂರದಿಂದ ಅಳೆದರು ಎಂದು ಹೇಳದೆ ಕೊಟ್ಟ ಅಯಾನು ಸಂಖ್ಯೆಗೆ ಅರ್ಥವೇ ಇಲ್ಲ.

ಅಯಾನುಗಳು ಏನೂ ಮಾಡುವುದಿಲ್ಲ ಎಂದಲ್ಲ. ತೇಲುವ ಕಣಗಳಿಗೆ ಅವು ವಿದ್ಯುದಂಶ ಕೊಡುತ್ತವೆ. ಆ ಕಣಗಳು ಹತ್ತಿರದ ಗೋಡೆ, ಚಾವಣಿ, ಪರದೆ, ಹಾಸಿಗೆಗೆ ಹೋಗಿ ಅಂಟುತ್ತವೆ. ಹಳೆಯ ಅಯಾನು ಯಂತ್ರಗಳ ಸುತ್ತ ಗೋಡೆ ಕಪ್ಪಾಗುತ್ತಿದ್ದದ್ದು ಹೀಗೆಯೇ. ಫಿಲ್ಟರಿಗೆ ಸಿಕ್ಕ ಕಣ ಫಿಲ್ಟರಿನ ಜೊತೆ ಮನೆಯಿಂದ ಹೊರಗೆ ಹೋಗುತ್ತದೆ. ಬಲ್ಬು ಅಂಟಿಸಿದ ಕಣ ಮನೆಯಲ್ಲೇ ಇದ್ದು, ಪರದೆ ಕೊಡವಿದಾಗ, ಹಾಸಿಗೆ ಒದರಿದಾಗ ಮತ್ತೆ ಮೇಲೇಳುತ್ತದೆ. ಕಸ ಗುಡಿಸಿ ಚಾಪೆಯಡಿ ತಳ್ಳಿದ ಹಾಗೆ.

ಇನ್ನು ಗಾಳಿಯ ಲೆಕ್ಕ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಒಂದು ಕೋಣೆ ಎಂದಿಟ್ಟುಕೊಳ್ಳಿ. ಒಳಗಿರುವ ಗಾಳಿ 1200 ಘನ ಅಡಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2023ರಲ್ಲಿ, ಜನ ಸೇರುವ ಒಳಾಂಗಣಗಳಿಗೆ ಗಂಟೆಗೆ ಕನಿಷ್ಠ 5 ಬಾರಿ ಗಾಳಿ ಬದಲಾಗುವಷ್ಟು ಶುದ್ಧ ಗಾಳಿ ಇರಲಿ ಎಂಬ ಗುರಿ ಸೂಚಿಸಿತು. ಆ ಗುರಿಯನ್ನು ಈ ಕೋಣೆಗೆ ಅನ್ವಯಿಸಿದರೆ ಗಂಟೆಗೆ 6000 ಘನ ಅಡಿ, ಅಂದರೆ ನಿಮಿಷಕ್ಕೆ 100 ಘನ ಅಡಿ. ಏರ್ ಪ್ಯೂರಿಫೈಯರುಗಳಲ್ಲಿ ಇದನ್ನೇ ಸಿಎಡಿಆರ್ ಎಂಬ ಅಂಕಿಯಲ್ಲಿ ಹೇಳುತ್ತಾರೆ: ಯಂತ್ರ ನಿಮಿಷಕ್ಕೋ ಗಂಟೆಗೋ ಎಷ್ಟು ಶುದ್ಧ ಗಾಳಿಯನ್ನು ಕೋಣೆಗೆ ಕೊಡುತ್ತದೆ ಎಂಬ ಅಳತೆ. ಅದಕ್ಕಾಗಿ ಆ ಯಂತ್ರದಲ್ಲಿ ಫ್ಯಾನ್ ಇರುತ್ತದೆ, ಒತ್ತೊತ್ತಾಗಿ ಮಡಚಿದ ಫಿಲ್ಟರ್ ಇರುತ್ತದೆ. ಹೆಪಾ ಎನಿಸಿಕೊಳ್ಳಬೇಕಾದರೆ ಆ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯಬೇಕು. ಬಲ್ಬಿನಲ್ಲಿ ಫ್ಯಾನೂ ಇಲ್ಲ, ಫಿಲ್ಟರೂ ಇಲ್ಲ. ಹೋಲ್ಡರಿನಲ್ಲಿ ಕೂತಲ್ಲೇ ಕೂತ ವಸ್ತು ನಿಮಿಷಕ್ಕೆ 100 ಘನ ಅಡಿ ಗಾಳಿಯನ್ನು ಹೇಗೆ ತೊಳೆಯುತ್ತದೆ ಎಂದು ತಯಾರಕರನ್ನು ಕೇಳುವ ಅಧಿಕಾರ ನನಗಿಲ್ಲ. ತಮಗಿದೆ.

ಅಯಾನು ಬೇಡವೆಂದವರು ಬೆಳಕನ್ನೇ ಮುಂದಿಡುತ್ತಾರೆ. ಬಲ್ಬಿನ ಮೇಲೆ ಟೈಟಾನಿಯಂ ಡೈಆಕ್ಸೈಡ್ ಲೇಪನವಿದೆ, ಬೆಳಕು ಬಿದ್ದಾಗ ಅದು ಮಾಲಿನ್ಯವನ್ನು ಒಡೆದುಹಾಕುತ್ತದೆ ಎಂಬ ವಾದ. ಇದರ ಹಿಂದೆ ಗಟ್ಟಿಯಾದ ವಿಜ್ಞಾನ ಇರುವುದರಿಂದಲೇ ಇದು ಹೆಚ್ಚು ಜನರನ್ನು ನಂಬಿಸುತ್ತದೆ. ಟೈಟಾನಿಯಂ ಡೈಆಕ್ಸೈಡ್ ಬೆಳಕಿನ ಬಲದಿಂದ ನೀರನ್ನು ಒಡೆಯಬಲ್ಲದು ಎಂದು ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲೇ ತೋರಿಸಿದರು. ಆದರೆ ಯಾವ ಬೆಳಕು ಎಂಬಲ್ಲಿ ಜಾಹೀರಾತು ಬಾಯಿ ಮುಚ್ಚಿಕೊಳ್ಳುತ್ತದೆ. ಈ ಕೆಲಸಕ್ಕೆ ಹೆಚ್ಚು ಬಳಸುವ ಅನಾಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡ್ ಎಚ್ಚರಗೊಳ್ಳಲು ಸುಮಾರು 388 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕು, ಅಂದರೆ ಅತಿನೇರಳೆ ಬೇಕು. ಬಣ್ಣ ಬದಲಿಸುವ ಬಲ್ಬಿನ ನೀಲಿ ಸುಮಾರು 460, ಹಸಿರು 525, ಕೆಂಪು 625ರ ಆಸುಪಾಸು. ಬಿಳಿ ಎಲ್‌ಇಡಿಯೂ ಮೂಲದಲ್ಲಿ 450ರ ನೀಲಿಯೇ, ಮೇಲೆ ಹಳದಿ ಫಾಸ್ಫರ್ ಬಳಿದಿರುತ್ತಾರೆ. ಇಷ್ಟು ಬಣ್ಣಗಳಲ್ಲಿ ಲೇಪನವನ್ನು ಎಬ್ಬಿಸುವ ಬೆಳಕು ಒಂದೂ ಇಲ್ಲ. ಬೇರೆ ಧಾತು ಬೆರೆಸಿ ಕಣ್ಣಿಗೆ ಕಾಣುವ ಬೆಳಕಿಗೂ ಸ್ಪಂದಿಸುವಂತೆ ಮಾಡಿದ ಲೇಪನಗಳುಂಟು, ಅವುಗಳ ವೇಗ ಕಡಿಮೆ. ಅವನ್ನು ಬಳಸಿದ್ದರೆ ಹಾಗೆಂದು ಬರೆಯಲಿ, ಅಳತೆಯನ್ನೂ ಕೊಡಲಿ. ಇನ್ನೊಂದು ತೊಡಕೂ ಇದೆ: ಈ ಕ್ರಿಯೆ ಅರ್ಧಕ್ಕೆ ನಿಂತರೆ ಆಲ್ಕೋಹಾಲಿನಂಥ ಆವಿಗಳಿಂದ ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್ ಎಂಬ ಹಾನಿಕರ ಆವಿಗಳು ಹುಟ್ಟಬಹುದು.

ಕೆಲವು ಬಲ್ಬುಗಳಲ್ಲಿರುವ ನೇರಳೆ ಬಣ್ಣದ ಕ್ರಿಮಿನಾಶಕ ಮೋಡ್ ಬಗ್ಗೆ ಎರಡೇ ಮಾತು. ಕ್ರಿಮಿ ಕೊಲ್ಲಲು ಬಹುಕಾಲದಿಂದ ಬಳಸುತ್ತಿರುವುದು 254 ನ್ಯಾನೋಮೀಟರಿನ ಯುವಿ-ಸಿ ಎಂಬ ಅತಿನೇರಳೆ ಬೆಳಕು. ಅದು ಕಣ್ಣಿಗೆ ಕಾಣುವುದಿಲ್ಲ, ಬಲ್ಬಿನ ಪ್ಲಾಸ್ಟಿಕ್ ಬುರುಡೆಯನ್ನು ದಾಟುವುದೂ ಇಲ್ಲ. ದಾಟಿ ಹೊರಗೆ ಬಂದರೆ ಕೆಳಗೆ ಕೂತವರ ಕಣ್ಣು, ಚರ್ಮ ಎರಡಕ್ಕೂ ಹಾನಿ. ಹೀಗಾಗಿ ಆ ಮೋಡ್ ಬರೀ ಅಲಂಕಾರವೋ ಅಪಾಯವೋ ಎಂದು ತಯಾರಕರೇ ಹೇಳಬೇಕು.

ಅಪಾಯ ಎಂದಾಗ ಓಝೋನ್ ನೆನಪಾಗುತ್ತದೆ. ಗಾಳಿಯಲ್ಲಿ ಹೈವೋಲ್ಟೇಜ್ ಹರಿಸುವ ಸಾಧನಗಳಿಂದ ಒಂದಿಷ್ಟು ಓಝೋನ್ ಹುಟ್ಟಬಹುದು. ಭೂಮಿಯಿಂದ ಬಹಳ ಎತ್ತರದಲ್ಲಿ ನಮ್ಮನ್ನು ಕಾಯುವ ಅನಿಲವೇ ಶ್ವಾಸಕೋಶದೊಳಗೆ ಉರಿ ತರುತ್ತದೆ, ಅಸ್ತಮಾ ಇದ್ದವರಿಗೆ ಇನ್ನೂ ಹೆಚ್ಚು. ನಿಂಬೆಯ ಪರಿಮಳದ ನೆಲ ಒರೆಸುವ ದ್ರವದ ಆವಿಯ ಜೊತೆ ಸೇರಿದರೆ ಅದು ಫಾರ್ಮಾಲ್ಡಿಹೈಡನ್ನೂ ಅತಿಸೂಕ್ಷ್ಮ ಕಣಗಳನ್ನೂ ಹುಟ್ಟಿಸುತ್ತದೆ. ಮಳೆ ಬಿದ್ದ ಮೇಲಿನ ತಾಜಾ ವಾಸನೆ ಎಂದು ಕೆಲವು ಜಾಹೀರಾತುಗಳು ಹೊಗಳುವುದು ಓಝೋನಿನ ವಾಸನೆಯನ್ನೇ ಇರಬಹುದು, ಆ ವಾಸನೆ ಬಂದರೆ ಸಂತೋಷಪಡಬೇಕಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2010ರಿಂದ, ಒಳಾಂಗಣ ಗಾಳಿ ಶುದ್ಧೀಕರಣ ಸಾಧನ ಹೊಮ್ಮಿಸುವ ಓಝೋನ್ ನೂರು ಕೋಟಿಗೆ 50 ಭಾಗ ಮೀರುವಂತಿಲ್ಲ. ತಯಾರಕರು ಪರೀಕ್ಷೆ ಮಾಡಿಸಿದ ಮೇಲಷ್ಟೇ ಮಾರಾಟ. ಬಲ್ಬಿನ ಆಕಾರದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಂದು ವಸ್ತು ಇಂಥ ಪರೀಕ್ಷೆಯಿಂದ ನುಣುಚಿಕೊಳ್ಳುವುದು ನ್ಯಾಯವಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವುದು ಬಣ್ಣದ ಆಟ. ಸ್ವಿಚ್ ಹಾಕಿದಾಗ ಬಲ್ಬು ಕೆಂಪು ಅಥವಾ ಕಿತ್ತಳೆ. ಸ್ವಲ್ಪ ಹೊತ್ತಿಗೆ ಹಳದಿ, ಆಮೇಲೆ ನೆಮ್ಮದಿಯ ಹಸಿರು. ಆ್ಯಪಿನಲ್ಲೂ ಶುದ್ಧತೆಯ ಅಂಕಿ ಮೆಲ್ಲಗೆ ಏರುತ್ತದೆ. ನೋಡುವವರಿಗೆ ಗಾಳಿ ಶುದ್ಧವಾಗುತ್ತಿರುವುದು ಕಣ್ಣಾರೆ ಕಂಡ ಹಾಗೆ. ಈ ಅಂಕಿ ಎಲ್ಲಿಂದ ಬಂತು? ಪಿಎಂ 2.5, ಅಂದರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ತೇಲುಕಣಗಳನ್ನು ಅಳೆಯಬೇಕಾದರೆ ಗಾಳಿ ಒಳಗೆ ಹಾದುಹೋಗುವ ದಾರಿ ಬೇಕು, ಕಣಗಳ ಮೇಲೆ ಬೆಳಕು ಹಾಯಿಸಿ ಚದುರಿದ್ದನ್ನು ಓದುವ ಸೆನ್ಸರ್ ಬೇಕು. ಅದಿಲ್ಲದ ಬಲ್ಬಿನಲ್ಲಿ ಹಸಿರಾಗುವುದು ಬರೀ ಟೈಮರ್. ಅಗ್ಗದ ಆವಿ ಸೆನ್ಸರ್ ಇಟ್ಟಿದ್ದರೂ ಬಲ್ಬಿನ ಬಿಸಿಯಲ್ಲಿ ಅದರ ಅಳತೆ ಹಾದಿ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ಕ್ಕೆ ದಿನದ ಸರಾಸರಿ ಘನ ಮೀಟರಿಗೆ 15 ಮೈಕ್ರೋಗ್ರಾಂ ಎಂದು ಮಾರ್ಗಸೂಚಿ ಕೊಟ್ಟಿದೆ. ಬಲ್ಬಿನ ಹಸಿರಿಗೂ ಈ 15ಕ್ಕೂ ಏನು ಸಂಬಂಧ ಎಂದು ಆ್ಯಪ್ ಹೇಳುವುದೇ ಇಲ್ಲ.

ಹಾನಿ ಆಗುವುದು ಇಲ್ಲಿಯೇ. ಹಸಿರು ಕಂಡವರು ಕಿಟಕಿ ತೆರೆಯುವ ಗೋಜಿಗೆ ಹೋಗುವುದಿಲ್ಲ. ಅಡುಗೆಯ ಹೊಗೆ ಹೊರಗೆ ಹೋಗಲು ಫ್ಯಾನ್ ಹಾಕುವುದಿಲ್ಲ. ಜನ ತುಂಬಿದ ಕೋಣೆಯಲ್ಲಿ ಏರುವ ಕಾರ್ಬನ್ ಡೈಆಕ್ಸೈಡನ್ನಾಗಲಿ, ಕೆಟ್ಟ ಹೀಟರಿನಿಂದ ಬರುವ ಕಾರ್ಬನ್ ಮಾನಾಕ್ಸೈಡನ್ನಾಗಲಿ ಯಾವ ಬಲ್ಬೂ ತೆಗೆಯದು. ಇಂಥ ಬಲ್ಬನ್ನು ಆಸೆಯಿಂದ ಕೊಳ್ಳುವವರಲ್ಲಿ ಅಸ್ತಮಾ ಇರುವ ಮಕ್ಕಳ ತಂದೆತಾಯಿಯರೂ ಇರುತ್ತಾರೆ ಎಂಬುದನ್ನು ತಮಗೆ ಬಿಡಿಸಿ ಹೇಳಬೇಕಿಲ್ಲ.

ಪರೀಕ್ಷಾ ವರದಿ ಇದೆಯಲ್ಲ ಎಂದು ತಮ್ಮ ಅಧಿಕಾರಿಗಳಿಗೆ ಕಂಪನಿಗಳು ಕಾಗದ ತೋರಿಸಬಹುದು. ಆಗ ಎರಡು ವಿಷಯ ನೋಡುವಂತೆ ಅವರಿಗೆ ಹೇಳಿ. ಮೊದಲನೆಯದು, ಪರೀಕ್ಷೆ ನಡೆದ ಪೆಟ್ಟಿಗೆಯ ಗಾತ್ರ. ಒಂದು ಘನ ಮೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಉರಿಸಿ ಶೇ 99 ಎಂದು ಬರೆದಿದ್ದರೆ ಅದು ಮೇಲೆ ಹೇಳಿದ 34 ಘನ ಮೀಟರಿನ ಕೋಣೆಗೆ ಅನ್ವಯಿಸುವುದಿಲ್ಲ. ಎರಡನೆಯದು, ಬಲ್ಬನ್ನು ಆಫ್ ಮಾಡಿಟ್ಟು ತೆಗೆದ ಅಳತೆ. ಮುಚ್ಚಿದ ಪೆಟ್ಟಿಗೆಯಲ್ಲಿ ಹೊಗೆ, ಧೂಳು ತಮ್ಮಷ್ಟಕ್ಕೆ ತಾವೇ ಕೆಳಗೆ ಕೂರುತ್ತವೆ. ಸಿಎಡಿಆರ್ ಪರೀಕ್ಷೆಯಲ್ಲಿ ಆ ಸಹಜ ಇಳಿಕೆಯನ್ನು ಕಳೆದು ಉಳಿದದ್ದನ್ನಷ್ಟೇ ಯಂತ್ರದ ಲೆಕ್ಕಕ್ಕೆ ಹಾಕುತ್ತಾರೆ. ಈ ವರದಿಗಳಲ್ಲಿ ಕಳೆಯುವ ಸಾಲು ಇದೆಯೋ ಇಲ್ಲವೋ ನೋಡಲಿ. ಇನ್ನು ವಿದ್ಯುತ್ ಸುರಕ್ಷತೆಯ ಮುದ್ರೆ: ಅದು ಶಾಕ್ ಹೊಡೆಯುವುದಿಲ್ಲ, ಬೆಂಕಿ ಹತ್ತುವುದಿಲ್ಲ ಎನ್ನುತ್ತದೆ ಅಷ್ಟೆ. ಕೊಳ್ಳುವವರ ಕಣ್ಣಿಗೆ ಅದು ಪೆಟ್ಟಿಗೆಯ ಮೇಲಿನ ಎಲ್ಲ ಮಾತಿಗೂ ಸರ್ಕಾರದ ಸಹಿ ಹಾಕಿದಂತೆ ಕಾಣುತ್ತದೆ.

ಪರೀಕ್ಷೆ ಮಾಡಿ ನಿಜ ಹೇಳಿದವರ ಮೇಲೆಯೇ ದಾವೆ ಹೂಡಿದ ಉದಾಹರಣೆಯೂ ಇದೆ. ಅಯಾನಿಕ್ ಬ್ರೀಜ್ ಎಂಬ ಫ್ಯಾನಿಲ್ಲದ ಶುದ್ಧೀಕರಣ ಯಂತ್ರ ಹೆಚ್ಚು ಕೆಲಸ ಮಾಡುವುದಿಲ್ಲ ಎಂದು ಬರೆದ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯ ಪ್ರಕಾಶಕರ ಮೇಲೆ, ಆ ಯಂತ್ರವನ್ನು ಮಾರುತ್ತಿದ್ದ ಶಾರ್ಪರ್ ಇಮೇಜ್ ಕಂಪನಿ 2003ರಲ್ಲಿ ಮೊಕದ್ದಮೆ ಹಾಕಿತು. 2004ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು, ಎದುರು ಪಕ್ಷದ ಖರ್ಚನ್ನೂ ಕಂಪನಿಯೇ ಕಟ್ಟಬೇಕಾಯಿತು. ಅಲ್ಲಿ ಪರೀಕ್ಷೆ ಮಾಡಲು ಶಕ್ತಿಯಿದ್ದ ಒಂದು ಸಂಸ್ಥೆ ಇತ್ತು. ಒಂಟಿ ಗ್ರಾಹಕನ ಹತ್ತಿರ ಪ್ರಯೋಗಾಲಯವೂ ಇಲ್ಲ, ವಕೀಲರೂ ಇಲ್ಲ. ಅದಕ್ಕೇ ತಮಗೆ ಬರೆಯುತ್ತಿದ್ದೇನೆ.

ಮಾಡಬೇಕಾದದ್ದು ಒಂದು ಆದೇಶದಲ್ಲಿ ಮುಗಿಯುತ್ತದೆ. ಗಾಳಿಯ ಬಗ್ಗೆ ಏನೇ ಹೇಳಿಕೊಳ್ಳುವ ದೀಪವನ್ನು ಗಾಳಿ ಶುದ್ಧೀಕರಣ ಸಾಧನ ಎಂದೇ ಪರಿಗಣಿಸಲಿ. ಅದರ ಸಿಎಡಿಆರ್ ಮತ್ತು ಓಝೋನ್ ಪ್ರಮಾಣ, ಸ್ವತಂತ್ರ ಪ್ರಯೋಗಾಲಯ ಅಳೆದದ್ದು, ಪೆಟ್ಟಿಗೆಯ ಮುಂಭಾಗದಲ್ಲೇ ಓದುವಷ್ಟು ದೊಡ್ಡ ಅಕ್ಷರದಲ್ಲಿರಲಿ. ಅಂಕಿ ಸೊನ್ನೆಯಾದರೆ ಸೊನ್ನೆಯೆಂದೇ ಬರೆಯಲಿ. ಸೆನ್ಸರ್ ಇಲ್ಲದ ಬಲ್ಬಿನ ಆ್ಯಪಿನಲ್ಲಿ ಗಾಳಿಯ ಗುಣಮಟ್ಟದ ಅಂಕಿ, ಬಣ್ಣ ಯಾವುದೂ ಬೇಡ. ಆನ್‌ಲೈನ್ ಮಾರಾಟ ತಾಣಗಳೂ ಇದಕ್ಕೆ ಒಳಪಡಲಿ, ಇಲ್ಲದಿದ್ದರೆ ಪೆಟ್ಟಿಗೆಯಿಂದ ಅಳಿಸಿದ ಮಾತು ಅಲ್ಲಿ ಹಾಗೇ ಉಳಿಯುತ್ತದೆ. ಸಾಬೀತು ಮಾಡುವ ಹೊಣೆ ಮಾರುವವರದ್ದು ಎಂದು ಆದೇಶದ ಮೊದಲ ಸಾಲಿನಲ್ಲೇ ಇದ್ದರೆ ಮುಂದೆ ವಾದಕ್ಕೆ ಆಸ್ಪದವಿರದು.

ಆದೇಶ ಹೊರಡಿಸಲು ಸಮಯ ಬೇಕೆಂದರೆ, ಅಲ್ಲಿಯವರೆಗೆ ಮಾರುಕಟ್ಟೆಯಲ್ಲಿರುವ ಇಂಥ ಕೆಲವು ಬಲ್ಬುಗಳನ್ನು ತಮ್ಮ ಇಲಾಖೆಯೇ ಕೊಂಡು ಪರೀಕ್ಷೆಗೆ ಕಳಿಸಲಿ, ಫಲಿತಾಂಶವನ್ನು ಹೆಸರು ಸಮೇತ ಪ್ರಕಟಿಸಲಿ. ಈ ಪತ್ರಕ್ಕೆ ತಮ್ಮ ಉತ್ತರವೂ ಬಹಿರಂಗವಾಗಿಯೇ ಬರಲಿ ಎಂದು ಕೋರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಗ್ರಾಹಕ