ವರ್ಷಕ್ಕೊಮ್ಮೆ ಹಣ ಕಾಣುವ ಮನೆಯ ಉಳಿತಾಯ

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ಬರುವ ಉಳಿತಾಯದ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ಸಂಬಳ ಕೈಸೇರಿದ ದಿನವೇ ಒಂದು ಪಾಲು ತೆಗೆದಿಡಿ, ತಿಂಗಳು ತಿಂಗಳು ಆರ್‌.ಡಿ. ಕಟ್ಟಿ ಎಂಬ ಸಲಹೆಗಳಲ್ಲಿ ತಪ್ಪೇನೂ ಇಲ್ಲ. ಆದರೆ ಅವೆಲ್ಲ ಒಂದನೇ ತಾರೀಕಿಗೆ ಸಂಬಳ ಕಾಣುವ ಮನೆಗಳಿಗಾಗಿ ಬರೆದವು. ಸೋಮವಾರಪೇಟೆ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ತೋಟವನ್ನೇ ನಂಬಿರುವ ನಮ್ಮಂಥವರಿಗೆ ಜನವರಿಯಿಂದ ಏಪ್ರಿಲ್ ಒಳಗೆ ಕಾಫಿ, ಕರಿಮೆಣಸು ಮಾರಿ ಬಂದ ಹಣವೇ ಇಡೀ ವರ್ಷದ ಆದಾಯ. ಆ ನಾಲ್ಕು ತಿಂಗಳು ನಾವು ಶ್ರೀಮಂತರು. ಮಳೆ ಹಿಡಿಯುವ ಹೊತ್ತಿಗೆ ಅಂಗಡಿಯ ಉದ್ರಿ ಪುಸ್ತಕದಲ್ಲಿ ನಮ್ಮ ಪುಟ ತೆರೆದಿರುತ್ತದೆ.

ಕಳೆದ ವರ್ಷ ಇದರ ಬಿಸಿ ನಮಗೆ ಚೆನ್ನಾಗಿಯೇ ತಟ್ಟಿತು. ಜುಲೈನಲ್ಲಿ ಬಿಡುವು ಕೊಡದ ಮಳೆಗೆ ಕೊಳೆರೋಗ ಬಂದು, ಎಳೆಕಾಯಿಗಳು ಉದುರಿ ಗಿಡದ ಬುಡದಲ್ಲಿ ಕಪ್ಪಗೆ ಹಾಸಿಕೊಂಡಿದ್ದವು. ಅದೇ ವಾರ ನನ್ನ ಯಜಮಾನರಿಗೆ ತಡೆಯಲಾರದ ಹೊಟ್ಟೆನೋವು ಕಾಣಿಸಿಕೊಂಡಿತು. ಮೈಸೂರಿಗೆ ಕರೆದೊಯ್ದು, ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳುವಾಗ ಎಂಬತ್ತು ಸಾವಿರಕ್ಕೂ ಮಿಕ್ಕಿ ಖರ್ಚಾಗಿತ್ತು. ನನ್ನ ಎರಡು ಬಳೆ ಅಡವು ಹೋದವು. ಸಾಲದ್ದಕ್ಕೆ, ಕಾಯಿ ಇನ್ನೂ ಗಿಡದಲ್ಲಿರುವಾಗಲೇ ವ್ಯಾಪಾರಿಯೊಬ್ಬರಿಂದ ಮುಂಗಡ ತಂದೆವು. ಮುಂಗಡ ತಂದ ಬೆಳೆಗಾರನಿಗೆ ದರ ನೋಡಿ ಮಾರುವ ಹಕ್ಕು ಉಳಿಯುವುದಿಲ್ಲ. ತೇವಾಂಶ, ಔಟ್‌ಟರ್ನ್ (ಒಣಗಿದ ಕಾಯಿಯಿಂದ ಸಿಗುವ ಬೇಳೆಯ ಪ್ರಮಾಣ), ದರ ಎಲ್ಲವನ್ನೂ ಕೊಂಡವರೇ ಹೇಳುತ್ತಾರೆ, ನಾವು ತಲೆಯಾಡಿಸುತ್ತೇವೆ.

ಇದರಲ್ಲಿ ನಮ್ಮದೇ ತಪ್ಪೊಂದಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಸಹಕಾರ ಸಂಘದ ಸದಸ್ಯರಿಗಾಗಿ 2023ರಿಂದ ಮತ್ತೆ ಜಾರಿಗೆ ಬಂದಿರುವ ಯಶಸ್ವಿನಿ ಯೋಜನೆಯಲ್ಲಿ ಗ್ರಾಮೀಣ ಪ್ರದೇಶದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ ಕಟ್ಟಿದರೆ, ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ನೋಂದಣಿಗೆ ಸಂಘದಿಂದ ಎರಡು ಸಲ ಫೋನ್ ಬಂದಿತ್ತು. ಆಗ ಕೊಯ್ಲಿನ ಗಡಿಬಿಡಿ, ಕಣದಲ್ಲಿ ಕಾಫಿ, ಶನಿವಾರಕ್ಕೆ ಬಟವಾಡೆ. ನಾಳೆ ಹೋದರಾಯಿತು ಎನ್ನುತ್ತಲೇ ಗಡುವು ದಾಟಿತು. ವಂತಿಗೆ ಕಟ್ಟಿದ್ದರೆ ಆಸ್ಪತ್ರೆಯ ಬಿಲ್ಲಿನ ಬಹುಪಾಲು ತಪ್ಪುತ್ತಿತ್ತು ಎಂದು ಆಮೇಲೆ ಸಂಘದಲ್ಲಿ ಹೇಳಿದಾಗ, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಮ್ಮ ಅತ್ತೆಯವರು ಲೆಕ್ಕ ಬರೆದವರಲ್ಲ. ಆದರೆ ಮೇ ಮುಗಿಯುವುದರೊಳಗೆ ಸೌದೆ ಕೊಟ್ಟಿಗೆ ಸೇರಿರಬೇಕು, ಭರಣಿಯಲ್ಲಿ ಕಾಡುಮಾವು ಉಪ್ಪುನೀರಲ್ಲಿ ಮುಳುಗಿರಬೇಕು, ಹಲಸಿನ ಬೀಜ ಒಣಗಿರಬೇಕು. ಒಂದು ವರ್ಷವೂ ಅವರು ಇದನ್ನು ತಪ್ಪಿಸಿದ್ದನ್ನು ನಾನು ಕಾಣೆ. ಬಳೆ ಅಡವಿಟ್ಟು ಬಂದ ದಿನ ಅವರು ಒಲೆಯ ಮುಂದೆ ಕೂತು, ‘ಸೌದೆ ಯಾವಾಗ ಒಳಗೆ ಹಾಕ್ಬೇಕು ಅಂತ ಗೊತ್ತಿರೋ ಮನೆಗೆ ದುಡ್ಡು ಯಾವಾಗ ಒಳಗೆ ಹಾಕ್ಬೇಕು ಅಂತ ಗೊತ್ತಾಗಲ್ವಾ?’ ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ನಮ್ಮ ಕಾಫಿ ಎಷ್ಟು ಚೀಲವಾಯಿತು, ಯಾವ ದರಕ್ಕೆ ಹೋಯಿತು ಎಂದು ನಾನು ಕೇಳಿದವಳಲ್ಲ, ಯಜಮಾನರು ಹೇಳಿದವರೂ ಅಲ್ಲ.

ಹಾಗಾಗಿ ಈ ವರ್ಷ ಕಾಫಿ ಮಾರಿದ ಸಂಜೆ ಇಬ್ಬರೂ ಕೂತು ಲೆಕ್ಕ ಬರೆದೆವು. ಮೊದಲು ಸಂಘದ ಬೆಳೆ ಸಾಲ: 2023ರಲ್ಲಿ ರಾಜ್ಯ ಸರ್ಕಾರ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದೆಯಾದರೂ, ಆ ಸೌಲಭ್ಯ ಗಡುವಿನೊಳಗೆ ತೀರಿಸಿದವರಿಗಷ್ಟೇ. ಆಮೇಲೆ ಅಡವು ಬಿಡಿಸಿ, ಮುಂಗಡ ತೀರಿಸಿದೆವು. ಉಳಿದದ್ದು ನೆನೆಸಿದ್ದಕ್ಕಿಂತ ಬಹಳ ಕಡಿಮೆ. ಅದನ್ನೇ ಮೂರು ಪಾಲು ಮಾಡಿ, ಮಕ್ಕಳ ಶಾಲೆಯ ಶುಲ್ಕಕ್ಕೆ ಸಿಗುವಂತೆ ಜೂನ್ ಮೊದಲ ವಾರಕ್ಕೆ, ಮಳೆ ಮುಗಿದ ಮೇಲಿನ ಗೊಬ್ಬರಕ್ಕೆ ಸೆಪ್ಟೆಂಬರಿಗೆ, ಕೊಯ್ಲಿನ ಕೂಲಿಗೆ ನವೆಂಬರಿಗೆ ಅವಧಿ ಮುಗಿಯುವ ಮೂರು ಠೇವಣಿಗಳನ್ನು ಬ್ಯಾಂಕಿನಲ್ಲಿ ಇಟ್ಟೆವು. ಬಡ್ಡಿ ಹೇಳಿಕೊಳ್ಳುವಷ್ಟಿಲ್ಲ, ಹಣ ಕೈಗೆ ಸಿಗದಂತಿರುವುದೇ ಅದರ ಲಾಭ. ಬ್ಯಾಂಕ್ ಮುಳುಗಿದರೆ ಕೈಹಿಡಿಯುವ ಠೇವಣಿ ವಿಮೆಯ ಮಿತಿ 2020ರ ಫೆಬ್ರುವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿದೆ. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಅನ್ವಯಿಸುವುದಿಲ್ಲ ಎಂಬುದು ನಮ್ಮೂರಲ್ಲಿ ಹಲವರಿಗೆ ತಿಳಿದಿಲ್ಲ. ನನ್ನ ಗೃಹಲಕ್ಷ್ಮಿಯ 2000 ರೂಪಾಯಿ ಸ್ತ್ರೀಶಕ್ತಿ ಸಂಘದ ಉಳಿತಾಯಕ್ಕೆ ಹೋಗುತ್ತದೆ. ಅದು ಬರುವ ದಿನ ಮಾತ್ರ ಕಾಫಿ ಹೂ ಅರಳಿಸುವ ನಮ್ಮ ಹೂಮಳೆಯ ಹಾಗೆ, ಕಾಯುತ್ತಿರಬೇಕು.

ಕಷ್ಟವಾದದ್ದು ಲೆಕ್ಕವಲ್ಲ, ಇಲ್ಲ ಎನ್ನುವುದು. ಮಾರ್ಚ್‌ನಲ್ಲಿ ಮಗನಿಗೆ ಬೈಕ್ ಇಲ್ಲ ಎಂದೆವು. ನೆಂಟರ ಮದುವೆಯಲ್ಲಿ ಉಡುಗೊರೆ ಇಳಿಸಿದಾಗ ಒಂದೆರಡು ಮಾತು ಕೇಳಬೇಕಾಯಿತು. ಕೇಳಿದೆವು, ಊಟ ಮಾಡಿ ಬಂದೆವು.

ಸಹಕಾರ ಸಂಘಗಳ ಆಡಳಿತ ಮಂಡಳಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಯಶಸ್ವಿನಿ ನೋಂದಣಿ ಸಾಮಾನ್ಯವಾಗಿ ಕಾಫಿ ಕೊಯ್ಲಿನ ತಿಂಗಳುಗಳಲ್ಲೇ ಬರುವುದರಿಂದ, ಒಪ್ಪಿಗೆ ಇರುವ ಸದಸ್ಯರಿಂದ ಆ ವಂತಿಗೆಯನ್ನು ಬೆಳೆ ಸಾಲ ನವೀಕರಣದ ದಿನವೇ ಪಡೆದಿಟ್ಟುಕೊಂಡು, ನೋಂದಣಿ ತೆರೆದಾಗ ಸಂಘವೇ ಕಟ್ಟುವ ವ್ಯವಸ್ಥೆ ಮಾಡಬೇಕು. ಹೇಗೂ ಆ ದಿನ ನಾವೆಲ್ಲ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತಿರುತ್ತೇವೆ.

ಇತಿ,
ಓರ್ವ ಕಾಫಿ ಬೆಳೆಗಾರ ಮಹಿಳೆ
ಸೋಮವಾರಪೇಟೆ ತಾಲ್ಲೂಕು, ಕೊಡಗು